ಸೂರು ನೋಡುತ್ತ

ನಾಲ್ಕು ದಿನ, ಐದು ಕಾಲೇಜು, ಒಂದು ಹಳೇ ಪಿಕಪ್ಪು.
ಹೊರಡುವ ಮುಂಚೆ ಕೊರೀನ್ ಕೇಳಿದ್ದು ಒಂದೇ:
ಏಣಿ ಕಟ್ಟುವ ಕಂಬಿ ಬಿಚ್ಚಿಡಪ್ಪ.
ಬಿಚ್ಚಿಟ್ಟೆ. ಬಾಗಿಲ ಮೇಲಿನ ಅಕ್ಷರ ಬಿಚ್ಚುವ
ಸ್ಪ್ಯಾನರು ನನ್ನಲ್ಲಿಲ್ಲ:
ಹುಡಾಕ್ ರೂಫಿಂಗ್. ಸೋರಿದರೆ ಕರೆಯಿರಿ.
ಹಾಗಾಗಿ ಎಲ್ಲ ಕಡೆಯೂ ಅವಳು
ದೂರದ ಪಾರ್ಕಿಂಗನ್ನೇ ಆರಿಸುತ್ತಾಳೆ,
ನಡೆದರೆ ಒಳ್ಳೆಯದಂತೆ ನನಗೆ.
ಮೊಣಕಾಲಿನ ಅಭಿಪ್ರಾಯ ಬೇರೆ.

ಉಳಿದವರು ಗ್ರಂಥಾಲಯ ನೋಡಿದರೆ
ನಾನು ಅದರ ನೆತ್ತಿ ನೋಡುತ್ತೇನೆ.
ಮೂವತ್ತೊಂದು ವರ್ಷದ ಚಾಳಿ, ಕತ್ತು ತಾನಾಗೇ ಏಳುತ್ತದೆ.
ಮೊದಲನೆಯದಕ್ಕೆ ವರ್ಮಾಂಟಿನ ಸ್ಲೇಟು, ಬೂದಿ ಬೆರೆತ ಹಸಿರು,
ತಾಮ್ರದ ಮೊಳೆ; ಹೊಡೆದವನು ಸತ್ತು ಎಷ್ಟು ಕಾಲವಾಯಿತೋ,
ಒಂದು ಬಿಲ್ಲೆ ಜಾರಿಲ್ಲ. ಟೋಪಿ ತೆಗೆದೆ.
ಎರಡನೆಯದರ ಚಿಮಣಿಯ ಬುಡಕ್ಕೆ
ಯಾರೋ ಸೋಮಾರಿ ಟಾರು ಮೆತ್ತಿ ಇಳಿದುಹೋಗಿದ್ದಾನೆ.
ಇನ್ನೆರಡು ಚಳಿಗಾಲ; ಆಮೇಲೆ
ತತ್ವಶಾಸ್ತ್ರದ ಮೇಲೆ ನೇರ ನೀರು.
ವರ್ಷಕ್ಕೆ ಎಪ್ಪತ್ತೆಂಟು ಸಾವಿರ ಡಾಲರು ಎಣಿಸಿಕೊಳ್ಳುವವರು
ಒಂದು ತಗಡು ಹಾಕಿಸಬಾರದೇ ಎಂದೆ,
ಸ್ವಲ್ಪ ಜೋರಾಗಿಯೇ ಎಂದೆನೇನೋ.
ಕೊರೀನಳ ಕಿವಿ ಕೆಂಪಗಾದವು.

ರಾತ್ರಿ ಮೋಟೆಲಿನಿಂದ ರೋಸ್‌ಆನ್‌ಗೆ ಫೋನು.
ಹೇಗಿದೆ ಎಂದಳು. ಸ್ಲೇಟು, ಎಂದೆ.
ಆ ಕಡೆ ನಿಟ್ಟುಸಿರು. ನಾನು ಕೇಳಿದ್ದು ಹುಡುಗಿಯನ್ನ.
ಹುಡುಗಿ ಸ್ನಾನದ ಮನೆಯ ಬಾಗಿಲ ಹಿಂದೆ
ಸಂದರ್ಶನದ ಉತ್ತರಗಳನ್ನು ಕನ್ನಡಿಗೆ ಒಪ್ಪಿಸುತ್ತಿದ್ದಳು.
ಅದರಲ್ಲಿ ಒಂದು ಕಡೆ ನಾನೂ ಬಂದೆ:
ನನ್ನ ತಂದೆ ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿದ್ದಾರೆ.
ಟಿವಿಯ ಸದ್ದು ಏರಿಸಿದೆ.

ಮೂರನೆಯದರಲ್ಲಿ ದಾರಿ ತೋರಿಸುವ ಹುಡುಗ
ಹಿಮ್ಮುಖ ನಡೆಯುತ್ತಿದ್ದ, ಮುಖ ನಮ್ಮತ್ತ,
ಬೆನ್ನು ಹೋಗುವತ್ತ, ಬಾಯಿ ತುಂಬ ಅಂಕಿಸಂಖ್ಯೆ.
ಎಡವುವ ಹಾಗಿದ್ದರೆ ಕೂಗಿ ಎಂದ. ಎಲ್ಲರೂ ನಕ್ಕರು.
ನಮ್ಮ ಕಸುಬಿನಲ್ಲಿ ಹಿಂದಕ್ಕೆ ಹೆಜ್ಜೆ ಇಡುವವನು
ಒಂದೇ ಸಲ ಇಡುತ್ತಾನೆ.
ವೆಂಡೆಲ್ ಇಟ್ಟ, ಮೆಥಡಿಸ್ಟ್ ಚರ್ಚಿನ ಮೇಲೆ,
ಸೀಮೆಸುಣ್ಣದ ದಾರ ಮೀಟಿ
ಗೆರೆ ನೇರ ಬಂತಾ ಎಂದು ನೋಡಲು.
ನೇರವಾಗಿತ್ತು.
ನಾನು ಆ ಹುಡುಗನ ಹಿಮ್ಮಡಿ ಕಾಯುತ್ತ ನಡೆದೆ:
ಕೊಳ, ಮೆಟ್ಟಿಲು, ಯಾರೋ ಸ್ಥಾಪಕನ ಕಂಚಿನ ಕಾಲು.
ವಿದ್ಯಾರ್ಥಿವೇತನದ ಮಾತು ಕಿವಿಗೇ ಬೀಳಲಿಲ್ಲ,
ಬೀಳಬೇಕಾದದ್ದು ಅದೊಂದೇ ಆಗಿತ್ತು.

ನಾಲ್ಕನೆಯದರಲ್ಲೊಂದು ಮಾದರಿ ಕೋಣೆ.
ಯಾರೂ ಮಲಗದ ಹಾಸಿಗೆ, ಯಾರೂ ಕುಡಿಯದ ಲೋಟ.
ಉಳಿದ ತಂದೆತಾಯಂದಿರು ಫೋಟೊ ತೆಗೆದರು.
ನಾನು ಕಿಟಕಿ ಎತ್ತಿದೆ: ನಾಲ್ಕು ಬೆರಳು ತೆರೆದು ನಿಂತಿತು.
ಹಾಗೆ ನಿಲ್ಲಿಸಿದವನಿಗೊಂದು ಬಿಯರ್ ಕೊಡಿಸಬೇಕು.

ಮತ್ತೆ ಹೆದ್ದಾರಿ. ಎರಿ ಸರೋವರ ಬಲಕ್ಕೆ,
ಮಾತಿಲ್ಲದ ಮಗಳೂ ಬಲಕ್ಕೆ.
ಯಾವುದು ಇಷ್ಟವಾಯಿತು ಎಂದು ಕೇಳಬೇಡ ಎಂದಿದ್ದಳು ರೋಸ್‌ಆನ್,
ಹಾಗಾಗಿ ಪೆಟ್ರೋಲಿನ ರೇಟು ಓದಿ ಹೇಳುತ್ತ ಬಂದೆ.

ಐದನೆಯದು ಸಣ್ಣದು, ಓಹಾಯೋದಲ್ಲಿ,
ಕಟಾವಾದ ಮುಸುಕಿನ ಜೋಳದ ಹೊಲಗಳ ನಡುವೆ.
ಅವಳು ಭೂಗರ್ಭಶಾಸ್ತ್ರದ ತರಗತಿಯೊಳಗೆ ಹೋದಳು,
ಪೋಷಕರಿಗೆ ಹೊರಗೆ ಕಾಫಿ.
ಗ್ರಂಥಾಲಯದ ಗೋಡೆಗೆ ಏಣಿ ಒರಗಿಸಿ ಒಬ್ಬ ಮುದುಕ
ಸೂರಿನ ದೋಣಿಯಿಂದ ಕೊಳೆತ ಎಲೆ ಬಾಚುತ್ತಿದ್ದ,
ಏಣಿಯ ಒಂದು ಕಾಲು ಮೆತ್ತನೆ ಮಣ್ಣಿನಲ್ಲಿ.
ಕಾಫಿ ಹುಲ್ಲಿನ ಮೇಲಿಟ್ಟು ಹೋಗಿ ಹಿಡಿದುಕೊಂಡೆ.
ಅವನು ಕೆಳಗೆ ನೋಡಿ ತಲೆಯಾಡಿಸಿದ. ಅಷ್ಟೇ ಮಾತು.

ತರಗತಿ ಬಿಟ್ಟಿತು.
ಯಾರೋ ಇಬ್ಬರು ಹುಡುಗಿಯರ ನಡುವೆ ಕೊರೀನ್,
ಕೈಯಲ್ಲೊಂದು ಕಲ್ಲು, ಜೋರು ನಗು,
ನನ್ನನ್ನು ಕಂಡಳು. ನಾನು ಬೇರೆ ಕಡೆ ನೋಡಿದೆ,
ಗುರುತಿಲ್ಲದ ಕೆಲಸದವನಾಗಿ ನಿಂತೆ, ಅದು ನನಗೆ ಬರುತ್ತದೆ.
ತುಸು ಹೊತ್ತಿಗೆ ಪಕ್ಕದಲ್ಲಿ ಅವಳ ಬೂಟು.
ತಣ್ಣಗಾದ ಕಾಫಿ ಎತ್ತಿಕೊಂಡು ಒಂದು ಗುಟುಕು ಕುಡಿದಳು,
ತಲೆಯೆತ್ತಿದಳು, ನನ್ನ ಹಾಗೇ ಒಂದು ಕಣ್ಣು ಕಿರಿದಾಗಿಸಿ.

ಇದು ಸೋರುತ್ತಾ?

ಸ್ವಲ್ಪ, ಎಂದೆ. ಬಡಗಣ ಮೂಲೆ.
ಅಲ್ಲಿ ಕೂತು ಓದಬೇಡ.