ಎರಡನೇ ಡಿಸ್ಕು

ರಬಾಳೆಯ ಶೆಡ್ಡಿನಲ್ಲಿ ಪಾಳಿಗೆ ಎರಡು ಸಾವಿರದ ಇನ್ನೂರು ಡಬ್ಬಿ.
ಎಡಕ್ಕೆ ಸಿನಿಮಾ, ಬಲಕ್ಕೆ ಎರಡನೇ ಡಿಸ್ಕು,
ನಡುವೆ ಒಂದು ಚೀಟಿ, ಮುಚ್ಚಿದರೆ ಟಕ್.
ದಿನವಿಡೀ ಟಕ್ ಟಕ್ ಟಕ್,
ತಗಡಿನ ಮೇಲೆ ಯಾರೋ ಓಡಿದ ಹಾಗೆ.

ಮುಖಪುಟದಲ್ಲಿ ಹೀರೋ ಗಾಳಿಯಲ್ಲಿದ್ದಾನೆ.
ಕುತ್ತಿಗೆಯಿಂದ ಮೇಲಿನದು ಅವನದೇ, ಸುಳ್ಳು ಹೇಳಬಾರದು.
ಕೆಳಗಿನದು ನನ್ನ ತಮ್ಮ ಸಾಬಣ್ಣ.
ಮೊಣಕೈಯ ಸುಟ್ಟ ಕಲೆ ಒರೆಸಿ ತೆಗೆದಿದ್ದಾರೆ.
ಹಾರುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡುವ
ಎಳೆಗೂಸಿನ ಚಾಳಿ ಮಾತ್ರ
ಅವರ ಕಂಪ್ಯೂಟರಿನ ಕಣ್ಣಿಗೆ ಬಿದ್ದಿಲ್ಲ.

ಅವನು ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ.
ಆಂಟಾಪ್ ಹಿಲ್ಲಿನಲ್ಲಿ ನಲ್ಲಿ ಬರುವುದು ನಸುಕಿನ ನಾಲ್ಕೂವರೆಗೆ.
ಗಲ್ಲಿ ಹಿಡಿದು ಓಡಿದರೆ ನಿನ್ನದು ನಲವತ್ತನೆಯ ಕೊಡ,
ಮಾಳಿಗೆ ಹಿಡಿದರೆ ಮೂರನೆಯದು.
ಕೆಳಗೆ ಮಲಗಿದವರ ಬೈಗುಳ ನಾಲ್ಕು ಭಾಷೆಯಲ್ಲಿ.
ಒಂದು ದಿನ ಟೋಪಿಯವನೊಬ್ಬ ಬಂದು
ಇದಕ್ಕೆ ಪಾರ್ಕೂರ್ ಅನ್ನುತ್ತಾರೆ ಅಂದ.
"ಪಾರ್ಕೂರಂದ್ರ ಪಗಾರ ಎಷ್ಟಂತ?" ಅಂದಳು ಅವ್ವ.

ಶೂಟಿಂಗಿನವರು ನಮ್ಮ ನೀಲಿ ತಾಡಪತ್ರಿ ಎತ್ತಿ ಬದಿಗಿಟ್ಟರು,
ಆರುನೂರು ರೂಪಾಯಿ, ವೋಚರಿಗೆ ಹೆಬ್ಬೆಟ್ಟು.
ಯಾವ ತಗಡು ಗಟ್ಟಿ, ಯಾವುದು ಪೊಳ್ಳು,
ಸಾಬಣ್ಣನನ್ನು ಯಾರೂ ಕೇಳಲಿಲ್ಲ.
ಡೈರೆಕ್ಟರು ಲ್ಯಾಪ್‌ಟಾಪ್ ತೆರೆದು ಮೂಲ ಸಿನಿಮಾ ತೋರಿಸಿದರು:
ಎಲ್ಲಿಯದೋ ಊರು, ಬೂದಿ ಆಕಾಶ, ಸಿಮೆಂಟಿನ ಮಾಳಿಗೆ,
ಒಬ್ಬ ಹನ್ನೊಂದು ಹೆಜ್ಜೆ ಓಡಿ ನೆಗೆಯುತ್ತಾನೆ.
"ಹನ್ನೊಂದೇ ಬೇಕು. ರೀಮೇಕ್ ಅಂದ್ರೆ ರೀಮೇಕ್."
ನಮ್ಮ ಮನೆಯ ಮೇಲೆ ಹಿಡಿಸುವುದು ಒಂಬತ್ತೇ ಹೆಜ್ಜೆ.
ಉಳಿದೆರಡನ್ನು ಅವನು
ಜುಲೇಖಾಳ ಮಾಳಿಗೆಯಿಂದ ಕೈಗಡ ತಂದ.

ಸಿನಿಮಾದಲ್ಲಿ ಇರುವುದು ಮೂರನೇ ಟೇಕು.
ನಾಲ್ಕನೆಯದಕ್ಕೆ ತಗಡು ಬಾಯ್ತೆರೆಯಿತು.

ಈಗ ಪರೇಲಿನಲ್ಲಿ ಲಿಫ್ಟ್‌ಮನ್.
ಹಿಮ್ಮಡಿಯಲ್ಲಿ ಎರಡು ಮೊಳೆ, ಕುಂಡೆಯ ಕೆಳಗೊಂದು ಸ್ಟೂಲು.
ಇಪ್ಪತ್ತೆಂಟು ಮಹಡಿ ಕೂತಲ್ಲೇ ಏರುತ್ತೇನೆ ನೋಡಕ್ಕಾ,
ಒಂದು ಹನಿ ಬೆವರಿಲ್ಲ, ಅಂತ ನಗುತ್ತಾನೆ.

ಮುಚ್ಚಳ ಸೀಳಿದ ಒಂದು ಡಬ್ಬಿಯನ್ನು
ಸೂಪರ್‌ವೈಸರ್ ಬಾಯಿ ಕಣ್ಣು ತಪ್ಪಿಸಿದಂತೆ ಮಾಡಿ ಕೊಟ್ಟಳು.
ಜುಲೇಖಾಳ ಮನೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತೆವು.
ಮೊದಲ ಡಿಸ್ಕಿನಲ್ಲಿ ಅವನು ಐದು ಸೆಕೆಂಡು.
ಹುಡುಗರು ಸೀಟಿ ಹೊಡೆದು, ಹಿಂದಕ್ಕೆ ಓಡಿಸಿ,
ಮತ್ತೆ ಹಾರಿಸಿದರು.
ಸಾಬಣ್ಣ ಮಾತ್ರ, "ಬಲಗಾಲು ತಡ ಆತು."

ಎರಡನೆಯದರಲ್ಲಿ ಹೀರೋ ಸೋಫಾದ ಮೇಲೆ ಕೂತು
ತನ್ನ ಕಷ್ಟ ಹೇಳಿಕೊಂಡ.
ಆಮೇಲೆ ತಮಾಷೆಯ ವಾದ್ಯ ಹಾಕಿ
ಬಿದ್ದವರನ್ನೆಲ್ಲ ಸಾಲಾಗಿ ತೋರಿಸಿದರು.
ಅದರಲ್ಲಿ ನಾಲ್ಕನೇ ಟೇಕು.
ಬೀಳುತ್ತ ಅವನು "ಯವ್ವಾ" ಅಂದ.
ಕೆಳಗಿನ ಅಕ್ಷರದಲ್ಲಿ ಬರೀ 'ಚೀರುತ್ತಾನೆ'.

ಕ್ಯಾಮೆರಾ ತೂತಿನಿಂದ ಇಣುಕಿತು:
ನಮ್ಮ ಮನೆ. ಮಗುಚಿದ ಸ್ಟವ್. ಜೋಳದ ಹಿಟ್ಟಿನ ಕೈ
ಮೇಲೆತ್ತಿಯೇ ನಿಂತ ಅವ್ವ.

"ನಿಲ್ಲಸು" ಅಂದಳು ಪಕ್ಕದಲ್ಲಿದ್ದ ಅವ್ವ.
ಎದ್ದು ಹೋಗಿ ಟೀವಿಯ ಗಾಜಿಗೆ ಬೆರಳಿಟ್ಟಳು.
"ಹಿತ್ತಾಳಿ ತಂಬಿಗಿ. ಇಲ್ಲೇ ಐತಿ ನೋಡು.
ಅವತ್ತಿನ ಸಂಜಿಯಿಂದ ಕಾಣವಲ್ದು."

ಯಾರಿಗೂ ನಗಲಾಗಲಿಲ್ಲ, ಆಮೇಲೆ ಎಲ್ಲರೂ ನಕ್ಕೆವು.
ಯೂನಿಟ್ಟಿನ ಮೂವತ್ತು ಜನರಲ್ಲಿ
ಯಾರು ಒಯ್ದಿರಬಹುದು ಎಂದು ಚರ್ಚೆಯೂ ಆಯಿತು.
ಸಾಬಣ್ಣ ನಡುವೆ ಬಾಯಿ ಹಾಕಿದ:
"ಯಕ್ಕಾ, ಆ ಮೊದಲಿನ ಸಿನಿಮಾದಾಗ ಹಾರಿದನಲ್ಲ,
ಬೂದಿ ಆಕಾಶದಾವ,
ಅವನಿಗೂ ಎರಡನೇ ಡಿಸ್ಕ್ ಇತ್ತೇನು?"

ನನಗೆ ಗೊತ್ತಿರಲಿಲ್ಲ.
ರಿಮೋಟು ಸತ್ತಿತ್ತು; ಜುಲೇಖಾ ಅದನ್ನು ಅಂಗೈಗೆ ಬಡಿಯುತ್ತಿದ್ದಳು.
ತೆರೆಯ ಮೇಲೆ ಅವನು ಹಾಗೇ ಬಿದ್ದಿದ್ದ
ಹಿಟ್ಟು ಚೆಲ್ಲಿದ ನೆಲದಲ್ಲಿ, ಮುಷ್ಟಿ ಕಟ್ಟಿ,
ಹೆಬ್ಬೆರಳು ಇನ್ನೂ ಒಳಗೇ.