ಹತ್ತು ಸೌತೆಕಾಯಿ ಹೊತ್ತು

ಕೈಮರಕ್ಕೆ ಇನ್ನು ನಾಲ್ಕು ತಿರುವು ಅನ್ನುವಾಗ
ಎಡಕ್ಕೊಂದು ನೀಲಿ ಟಾರ್ಪಾಲು, ಅದರ ಕೆಳಗೆ ನಾನು.
ಮುಂದೆ ಬುಟ್ಟಿ, ಬುಟ್ಟಿ ತುಂಬ ಎಳೆ ಸೌತೆಕಾಯಿ,
ಉಪ್ಪುಖಾರ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ.
ಗಿರಿ ಇಳಿದು ಬರುವವರು ನನ್ನನ್ನು ನೋಡುವ ಮೊದಲೇ
ನಾನು ಅವರನ್ನು ಮೂಸಿರುತ್ತೇನೆ.

ನಗಬೇಡಿ.
ಹತ್ತುವ ಗಾಡಿಯ ವಾಸನೆಯೇ ಬೇರೆ, ಇಳಿಯುವುದರದೇ ಬೇರೆ.
ಹತ್ತುವಾಗ ಸುಡುವುದು ಕ್ಲಚ್ಚು.
ಅದು ಹುಳಿ ಹುಳಿ, ಮೂಗಿನ ತುದಿಯಲ್ಲೇ ನಿಲ್ಲುತ್ತದೆ;
ಕೆಟ್ಟರೆ ಗಾಡಿಯೂ ನಿಲ್ಲುತ್ತದೆ, ಅಷ್ಟೇ.
ಇಳಿಯುವಾಗ ಸುಡುವುದು ಬ್ರೇಕು.
ಅದು ಗಂಟಲಿಗಿಳಿಯುತ್ತದೆ, ಕರಟಿದ ಕೂದಲಿನ ಹಾಗೆ;
ಕೆಟ್ಟರೆ ಗಾಡಿ
ನಿಲ್ಲುವುದಿಲ್ಲ.

ಇದನ್ನೆಲ್ಲ ಕಲಿಸಿದವನು ನಮ್ಮಣ್ಣ ಧರ್ಮೇಶ,
ಇಪ್ಪತ್ತಾರು ವರ್ಷ ಟಿಂಬರ್ ಲಾರಿ ಓಡಿಸಿದವನು.
‘ಹತ್ತಿದ ಗೇರಲ್ಲೇ ಇಳೀಬೇಕು ಕಣೆ ಜಲಜಾಕ್ಷಿ.’
ಪಂಚಾಯ್ತಿಗೆ ನಿಂತು ಸೋತು ಬಂದ ಭಾವನಿಗೂ
ಅದನ್ನೇ ಹೇಳಿ ಬೈಸಿಕೊಂಡಿದ್ದ.

ಏಪ್ರಿಲ್ ಬಂತೆಂದರೆ ಟಾರು ಚಪ್ಪಲಿಗಂಟುತ್ತದೆ.
ಗುಡ್ಡದ ನೆತ್ತಿಯ ಹುಲ್ಲು ಸುಟ್ಟು ಕಪ್ಪಾಗಿರುತ್ತದೆ.
ಪರೀಕ್ಷೆ ಮುಗಿದ ಮಕ್ಕಳನ್ನು ತುಂಬಿಕೊಂಡು
ರಾತ್ರಿಯೆಲ್ಲ ನಿದ್ದೆಗೆಟ್ಟು ಬರುತ್ತಾರೆ ಬಯಲುಸೀಮೆಯಿಂದ,
ಬಯಲಲ್ಲಿ ಓಡಿಸಿದ ಹಾಗೇ ಇಳಿಜಾರಲ್ಲೂ ಓಡಿಸುತ್ತಾರೆ:
ಕಾಲು ಬ್ರೇಕಿನ ಮೇಲೆ, ಕಣ್ಣು ಕಣಿವೆಯ ಮೇಲೆ,
ಒಂದು ಕೈ ಕಿಟಕಿಯಾಚೆ, ಫೋನಿನಲ್ಲಿ.

ಎರಡು ಬೇಸಿಗೆಯ ಹಿಂದೆ, ಒಂದು ಭಾನುವಾರ,
ಐನೂರರ ನೋಟಿಗೆ ಚಿಲ್ಲರೆ ಎಣಿಸುತ್ತಿದ್ದೆ.
ಬಿಳೀ ಟೆಂಪೊ ಒಂದು ಹಾದುಹೋಯಿತು.
ಹಿಂದಿನ ಗಾಜಿನಲ್ಲಿ ಹಳದಿ ಟೋಪಿಯ ಹುಡುಗಿ ಕೈಬೀಸಿದಳು.
ವಾಸನೆ ಬಂತು. ಬಂದದ್ದು ಗೊತ್ತಾಯಿತು.
ನಾನ್ನೂರ ಎಪ್ಪತ್ತು, ನಾನ್ನೂರ ಎಂಬತ್ತು,
ಎಣಿಸಿ ಮುಗಿಸಿದೆ.

ಆ ತಿರುವಿಗೆ ಈಗ ತಡೆಗೋಡೆ ಇದೆ,
ಕಪ್ಪು ಬಿಳಿ ಪಟ್ಟೆ ಬಳಿದಿದ್ದಾರೆ.

ಅವತ್ತಿನಿಂದ ವಾಸನೆ ಬಂದರೆ ಎದ್ದು ರಸ್ತೆಗೇ ಬರುತ್ತೇನೆ,
ಸೆರಗು ಬೀಸಿ ನಿಲ್ಲಿಸುತ್ತೇನೆ.
ಇಳೀರಿ ಸ್ವಾಮಿ, ಸೌತೆಕಾಯಿ ತಿನ್ನಿ, ಗಾಡಿ ಆರಲಿ.
ನೀರು ಗೀರು ಹುಯ್ಯಬೇಡಿ, ಕೆಂಪಗೆ ಕಾದ ಹಂಚದು, ಸೀಳುತ್ತೆ.
ಗಾಳಿಗೆ ಬಿಡಿ.
‘ಎಂಥಾ ವ್ಯಾಪಾರ ಕಲ್ತಿದಾಳೆ ನೋಡು!’
ಅನ್ನುತ್ತಾರೆ, ನನಗೆ ಕೇಳಿಸುವ ಹಾಗೇ.
ಅನ್ನಲಿ. ವ್ಯಾಪಾರವೂ ಆಗುತ್ತದೆ, ಸುಳ್ಳೇಕೆ ಹೇಳಲಿ.

ನಿನ್ನೆ ಒಬ್ಬ, ಮೀಸೆ ಈಗಷ್ಟೇ ಕಪ್ಪಾದವನು,
ಪಕ್ಕದಲ್ಲಿ ಮದರಂಗಿ ಮಾಸದ ಹೆಂಡತಿ.
‘ಬೇಡಮ್ಮ, ಟೈಮಿಲ್ಲ’ ಅಂದ.
ದುಡ್ಡು ಬೇಡ, ಕೂತ್ಕೊ ಅಂದೆ.
ಚಕ್ರದ ಹತ್ತಿರ ಕೈ ಹಿಡಿದು ನೋಡು,
ಮುಟ್ಟಬೇಡ, ಹತ್ತಿರ ಹಿಡಿ ಸಾಕು.
ಹಿಡಿದ. ಹಿಂದಕ್ಕೆ ಎಳೆದುಕೊಂಡ.
ಆ ಕೈಯನ್ನು ಅವಳಿಗೆ ಕಾಣದ ಹಾಗೆ ಜೇಬಿಗಿಟ್ಟ.

ನೆರಳಿಗೆ ಬಂದು ಕುಕ್ಕರಗಾಲಲ್ಲಿ ಕೂತ.
ಅವಳು ಎರಡನೆಯ ಹೋಳಿಗೆ ಖಾರ ಜಾಸ್ತಿ ಕೇಳಿದಳು.
ಇಳಿಯುವಾಗ ಎರಡನೇ ಗೇರು, ನೆನಪಿರಲಿ, ಅಂದೆ.
ಹೂಂ ಅಂದ, ಸ್ಕೂಲು ಹುಡುಗನ ಹಾಗೆ.
‘ಇನ್ನೆಷ್ಟು ಹೊತ್ತು?’

ಹತ್ತು ಸೌತೆಕಾಯಿ ಹೆಚ್ಚುವಷ್ಟು, ಅಂದೆ.

ಒಂಬತ್ತನ್ನು ಸರಸರ ಹೆಚ್ಚುತ್ತೇನೆ.
ಹತ್ತನೆಯದರ ತುದಿ ಕುಯ್ದು,
ಕಹಿ ಹೋಗುವವರೆಗೆ ತೇಯುತ್ತಾ
ಗಾಳಿ ಮೂಸುತ್ತಾ ಕೂರುತ್ತೇನೆ.