ಇಪ್ಪತ್ನಾಕು

ವಿಜಾಪುರ, ಜೋರಾಪುರ ಪೇಟೆಯ ಹಿಂದಿನ ಓಣಿ.
ತಗಡಿನ ಗೋದಾಮು ಚಂಪಾಲಾಲ ಸೇಠಜೀದು,
ಕೀಲಿಕೈ ನನ್ನ ಉಡದಾರದಾಗ.

ಗ್ವಾಡಿಗೆ ಥರ್ಮಾಮೀಟರು,
ಅದರ ಬುಡಕ ದಾರ ಕಟ್ಟಿದ ಪೆನ್ನು, ಉದ್ದನ ರಿಜಿಸ್ಟರು.
ಮುಂಜಾನೆ ಹತ್ತು, ಮಧ್ಯಾಹ್ನ ಎರಡು, ಸಂಜಿ ಆರು.
ಹನ್ನೊಂದು ವರ್ಷ ಬರದೀನಿ:
ಇಪ್ಪತ್ನಾಕು. ಇಪ್ಪತ್ನಾಕು. ನಡುನಡುವ ಇಪ್ಪತ್ತೈದು,
ಖರೇ ಕಾಣ್ಲಿ ಅಂತ.

ಹೊರಗ ಡಾಂಬರಿಗೆ ಚಪ್ಪಲಿ ಅಂಟತಾವ.
ಕರೆಂಟು ಹೋದ್ರ ಏಸಿ ಎರಡು ಸಲ ಕೆಮ್ಮಿ ಸುಮ್ಮನಾಗತೈತಿ.
ಡೀಸೆಲ್ ಕೇಳಿದ್ರ ಸೇಠಜಿ ಅಂತಾರ:
"ಇನ್ಸುಲಿನ್ ಫ್ರಿಜ್ಜಿಗೆ ಹಾಕು, ಸಾಕು.
ಗುಳಿಗಿಗೇನು ಬ್ಯಾಸಗಿ ಗೊತ್ತಾಗತೈತೇನು?"

ದಾವಲಸಾಬಗ ಗೊತ್ತಾಗತೈತಿ.
ಅಕ್ಷರ ಬಾರದವ, ಖೋಕಾ ಹೊತ್ತು ಹೊತ್ತು ಹೆಗಲು ಬಾಗಿದವ.
ಕ್ಯಾಪ್ಸೂಲಿನ ಡಬ್ಬಿ ಕಿವಿಹತ್ರ ಅಲ್ಲಾಡಿಸಿ
"ಒಳಗ ಒಂದಕ್ಕೊಂದು ಅಪ್ಕೊಂಡಾವ್ರೀ" ಅಂತಾನ.
ಕೂಸುಗಳ ಜ್ವರದ ಬತ್ತಿ ಹಿಚುಕಿ ನೋಡಿ
"ನೀರು" ಅಂತಾನ.
ನಾನು ಡೇಟ್ ನೋಡತೀನಿ. ಡೇಟ್ ಐತಿ.
ಮೊದಲ ಸಾಯೂದು ಮೊದಲ ಹೊರಗ ಹೋಗಬೇಕು,
ನಮ್ಮ ದಂಧೆದ ಕಾಯ್ದೆ ಅಷ್ಟ:
ಇಂಡಿಗೊಂದು ಗಂಟು, ಸಿಂದಗಿಗೆರಡು,
ತಾಳಿಕೋಟಿದು ನಾಕೂವರಿ ಬಸ್ಸಿನ ನೆತ್ತಿ ಮ್ಯಾಲ,
ಬಿಸಲಾಗ.

ಕಳದ ವಾರ ತಾಳಿಕೋಟಿಯಿಂದ ಅಕ್ಕ ಬಂದ್ಲು, ನೀಲಾಂಬಿಕಾ.
ಊಟ ಆದಮ್ಯಾಗ ಚೀಲ ಬಿಚ್ಚಿ ಬಿಪಿ ಗುಳಿಗಿ ತಗದ್ಲು.
"ಯಾಕೋ ಈ ಸಲ ಇಳೀವಲ್ದು, ತಲಿ ಗಿರ್ ಅಂತೈತಿ."
ಪಟ್ಟಿ ಹೊಳ್ಳಿಸಿದೆ. ಬ್ಯಾಚ್ ನಂಬರು.
ಮಕ್ಕಳ ಹುಟ್ಟಿದ ದಿನ ಮರೀತೀನಿ, ಇವನ್ನ ಮರಿಯಾಂಗಿಲ್ಲ.
ಟ್ರಾನ್ಸ್‌ಫಾರ್ಮರ್ ಸುಟ್ಟ ವಾರದ ಮಾಲು ಅದು,
ನಾಕು ದಿನ ತಗಡಿನ ಬುಡಕ ಕುದ್ದದ್ದು.
ನಾಕೂ ದಿನ ನನ್ನ ಅಕ್ಷರದಾಗ ಇಪ್ಪತ್ನಾಕು.

"ಏನ್ ನೋಡ್ತಿ? ಡೇಟ್ ಐತಲ್ಲೋ?"
"ಐತಿ."

ಅಕಿ ಮಲಗಿದಮ್ಯಾಲ ಪಟ್ಟಿ ಬದಲಿಸಿ ಇಟ್ಟೆ.
ಆ ಖೋಕಾದಾಗ ಇನ್ನೂರು ಪಟ್ಟಿ ಇದ್ದುವು.

ಮರುದಿನ ಮಧ್ಯಾಹ್ನ ಎರಡಕ್ಕ
ಥರ್ಮಾಮೀಟರಿನ ಮುಂದ ನಿಂತೆ. ಧೂಳ ಒರಸಿದೆ.
ಪಾದರಸ ಎಲ್ಲಿತ್ತೋ ಅಲ್ಲೀದನ್ನ ಬರದೆ.
ಕೈ ಸ್ವಲ್ಪ ನಡುಗಿತು, ಒಂಬತ್ತರ ಬಾಲ ಸೊಟ್ಟಾತು.

ಹೆಗಲ ಮ್ಯಾಲಿನ ಖೋಕಾ ಇಳಿಸದನ
ದಾವಲಸಾಬ ಬಗ್ಗಿ ನೋಡಿದ.
"ಇವತ್ತಿಂದು ಆಕಾರ ಬ್ಯಾರೆ ಐತಲ್ರೀ."